ಇಪ್ಪತ್ತೊಂದು ಪಾಯಿಂಟ್ ಎಂಟು

ಯಾವ ಕಾಗದ ಕೈಗೆ ಕೊಟ್ಟರೂ ಅಪ್ಪ ಮೊದಲು ನೋಡುತ್ತಿದ್ದುದು ಸಂಖ್ಯೆಯನ್ನಲ್ಲ, ಅದರ ಪಕ್ಕದಲ್ಲಿರುವ ಅಳತೆಯನ್ನು. ಕೆಜಿಯೋ, ಗ್ರಾಮೋ, ಲೀಟರೋ. ಜೇಬಿನಿಂದ ಮೋಟು ಪೆನ್ಸಿಲ್ ತೆಗೆದು ಆ ಅಕ್ಷರಗಳಿಗೆ ಒಂದು ಸುತ್ತು ಹಾಕುವರು. ಕೆಳಗಿನಿಂದ ಶುರುಮಾಡಿ, ಮೇಲೆ ಬಂದು, ಪೂರ್ತಿ ಮುಚ್ಚದೆ ಬಿಟ್ಟ ಸುತ್ತು. ಕರೆಂಟ್ ಬಿಲ್ಲಿಗೂ ಅದೇ, ಔಷಧಿ ಚೀಟಿಗೂ ಅದೇ. ನನ್ನ ಎಂಟನೇ ಕ್ಲಾಸಿನ ಅಂಕಪಟ್ಟಿಯಲ್ಲಿ ಎತ್ತರ, ತೂಕ ಬರೆದ ಕಡೆಗೂ ಸುತ್ತು ಹಾಕಿದ್ದರು. ಅಂಕಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. ಮುಂದಿನ ವರ್ಷ ನಾನು ಶಾಲೆ ಬಿಟ್ಟೆ. ಅದಕ್ಕೂ ಆಡಲಿಲ್ಲ.

ನಮ್ಮದು ತಕ್ಕಡಿ ರಿಪೇರಿ ಅಂಗಡಿ. ಮಾರ್ಕೆಟ್ಟಿನವರು ಅಪ್ಪನನ್ನು ಮುಳ್ಳು ಮೇಷ್ಟ್ರು ಅನ್ನುತ್ತಾರೆ, ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ವಾಲಿದರೂ ಅವರಿಗೆ ಊಟ ಸೇರುವುದಿಲ್ಲ ಅಂತ. ಅಣ್ಣ ಕರೆಂಟಿನ ತಕ್ಕಡಿಗಳನ್ನು ನೋಡಿಕೊಳ್ಳುತ್ತಾನೆ. ನಾನು ಒಳಗಿನ ಕೋಣೆಯಲ್ಲಿ ತೂಕದ ಕಲ್ಲುಗಳನ್ನೂ ಹಾಲು, ಎಣ್ಣೆ ಅಳೆಯುವ ಲೋಟಗಳನ್ನೂ ಉಜ್ಜಿ ಸಾಲಾಗಿ ಇಡುತ್ತೇನೆ. ಲೋಟಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಡೆಸಿಲೀಟರಿನದು. ಹತ್ತು ಸಲ ಸುರಿದರೆ ಒಂದು ಲೀಟರ್ ತುಂಬುತ್ತದೆ. ಅದರ ತಳದಲ್ಲಿ ಒತ್ತಿರುವ ಎರಡು ಅಕ್ಷರವನ್ನು ಒಂಬತ್ತು ವರ್ಷದಿಂದ ದಿನಾ ಉಜ್ಜುತ್ತಿದ್ದೇನೆ. ಅವು ನನಗೆ ಕಣ್ಣು ಮುಚ್ಚಿದರೂ ಕಾಣುತ್ತವೆ.

ಅಪ್ಪನ ಕಣ್ಣು ಹಳದಿಯಾದದ್ದನ್ನು ಮೊದಲು ಗಮನಿಸಿದವಳು ಅತ್ತಿಗೆ. ಆಕೆ ಮನೆಯಲ್ಲೇ ಶಾಲೆ ಯೂನಿಫಾರಂ ಹೊಲಿಯುತ್ತಾಳೆ, ಬಣ್ಣದ ವಿಷಯದಲ್ಲಿ ಮೋಸ ಹೋಗುವವಳಲ್ಲ. ಕಾಮಾಲೆ ಅಂದುಕೊಂಡು ಹೋದರೆ ಹೊಟ್ಟೆಯ ಹಿಂದೆ, ಮೇದೋಜೀರಕ ಗ್ರಂಥಿಯ ತುದಿಯಲ್ಲಿ ಗಂಟು ಇದೆ ಅಂದರು. ಆಪರೇಷನ್ನಿನ ಹಿಂದಿನ ದಿನ ದೊಡ್ಡ ಡಾಕ್ಟ್ರಮ್ಮ ನಮ್ಮನ್ನೆಲ್ಲ ಮಂಚದ ಸುತ್ತ ನಿಲ್ಲಿಸಿಕೊಂಡು ಮಾತಾಡಿದರು.

ಗಂಟು ತೆಗೆಯುವುದು ಅರ್ಧ ಕೆಲಸ, ಒಳಗೆ ಕತ್ತರಿಸಿ ಹೊಲಿದ ಜಾಗ ಕೂಡಿಕೊಳ್ಳುವುದು ಇನ್ನರ್ಧ ಅಂದರು. ಹೊಲಿಗೆ ಸೋರಿದರೆ ಆ ಗ್ರಂಥಿಯ ರಸ ಊಟವನ್ನು ಜೀರ್ಣ ಮಾಡುವ ಬದಲು ಒಳಗಿನ ಮಾಂಸವನ್ನೇ ಜೀರ್ಣ ಮಾಡುತ್ತದಂತೆ. ಹೊರಗೆ ಕಾಣುವುದಿಲ್ಲ. ಜ್ವರ, ನೋವು ಬರುವಷ್ಟರಲ್ಲಿ ತಡವಾಗಿರುತ್ತದೆ.

"ಆದ್ರೆ ರಕ್ತ ಮೊದಲೇ ಹೇಳುತ್ತೆ," ಅಂದರು ಡಾಕ್ಟ್ರಮ್ಮ. "ಸಿಆರ್‌ಪಿ ಅಂತ ಒಂದು ಪರೀಕ್ಷೆ. ಒಳಗೆ ಉರಿಯೂತ ಇದ್ರೆ ಏರುತ್ತೆ. ಮೂರನೇ ದಿನ ಎಲ್ಲರಿಗೂ ಏರೇ ಏರುತ್ತೆ, ಹೆದರಬೇಡಿ. ಐದನೇ ದಿನಕ್ಕೆ ಚೆನ್ನಾಗಿ ಇಳಿದಿರಬೇಕು. ಇಳೀದಿದ್ರೆ ಹೊಟ್ಟೆಯ ನೀರು ಹೊರಗೆ ಬರೋಕೆ ಹಾಕೋ ಪೈಪು ನಾನು ತೆಗೆಯಲ್ಲ, ಮನೆಗೂ ಕಳಿಸಲ್ಲ."

ಅಪ್ಪ ಮಲಗಿದ್ದಲ್ಲಿಂದಲೇ ಕೇಳಿದರು, "ಅಳತೆ ಯಾವುದು ಅದಕ್ಕೆ?"

ಡಾಕ್ಟ್ರಮ್ಮ ನಕ್ಕರು. ಇಷ್ಟು ವರ್ಷದಲ್ಲಿ ಅದನ್ನು ಕೇಳಿದ ಮೊದಲ ರೋಗಿ ನೀವು ಅಂದರು. ಒಂದು ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಹೇಳಿದರು. ಅಪ್ಪ ತಲೆಯಾಡಿಸಿದರು, ಗಿರಾಕಿ ಸರಿಯಾದ ಕಲ್ಲು ಇಟ್ಟಾಗ ಆಡಿಸುವ ಹಾಗೆ.

ನಮ್ಮ ಮನೆಯಲ್ಲಿ ಮಾತ್ರ ಇನ್ನೊಂದು ದಿನದ ಲೆಕ್ಕ ನಡೆಯುತ್ತಿತ್ತು. ವರ್ಷಕ್ಕೊಮ್ಮೆ ತೂಕ ಅಳತೆ ಇಲಾಖೆಯ ಇನ್ಸ್‌ಪೆಕ್ಟರು ಅಂಗಡಿಗೆ ಬರುತ್ತಾರೆ. ಲೈಸೆನ್ಸ್ ಯಾರ ಹೆಸರಲ್ಲಿದೆಯೋ ಅವರೇ ಕುರ್ಚಿಯಲ್ಲಿ ಕೂತು, ಇನ್ಸ್‌ಪೆಕ್ಟರ ಎದುರಿಗೇ ಒಂದು ತಕ್ಕಡಿ ಸರಿಮಾಡಿ ತೋರಿಸಿ, ಸಹಿ ಹಾಕಬೇಕು. ಇಲ್ಲದಿದ್ದರೆ ಲೈಸೆನ್ಸ್ ರದ್ದು, ಹೊಸದು ಬರುವವರೆಗೆ ವರ್ಷಗಟ್ಟಲೆ ಬಾಗಿಲು ಹಾಕಬೇಕು. ಇನ್ಸ್‌ಪೆಕ್ಟರು ಬರುವುದು ಆಪರೇಷನ್ನಾದ ಒಂಬತ್ತನೇ ದಿನ ಅಂತ ಕಾಗದ ಬಂದಿತ್ತು. ಅಣ್ಣನ ಹೆಸರನ್ನೂ ಸೇರಿಸಿ ಅಂತ ಅಮ್ಮ ಐದಾರು ವರ್ಷದಿಂದ ಹೇಳುತ್ತಲೇ ಇದ್ದಳು. "ನನ್ನ ಕೈ ಆಡೋವರೆಗೂ ಬೇಡ" ಅನ್ನುವುದು ಅಪ್ಪನ ಉತ್ತರ. ಈಗ ಆ ಕೈಗೆ ಸೂಜಿ ಚುಚ್ಚಿ ಪಟ್ಟಿ ಸುತ್ತಿದ್ದರು.

ಮೂರನೇ ದಿನದ ವರದಿ ಇನ್ನೂರ ನಾಲ್ಕು ಬಂತು. ಐದನೇ ದಿನ ಆಸ್ಪತ್ರೆಯ ಮೆಷಿನ್ ಕೆಟ್ಟಿತು. ನರ್ಸು ರಕ್ತದ ಟ್ಯೂಬನ್ನು ಒಂದು ಡಬ್ಬಿಯಲ್ಲಿಟ್ಟು ನನ್ನ ಕೈಗೆ ಕೊಟ್ಟು, ಎದುರುಗಡೆಯ ಲ್ಯಾಬಿಗೆ ಕೊಟ್ಟು ಬಾ ಅಂದರು. ಅಂಥ ಕೆಲಸಕ್ಕೆಲ್ಲ ನಾನೇ. ಅಣ್ಣನಿಗೆ ಅಂಗಡಿ, ಅತ್ತಿಗೆಗೆ ಹೊಲಿಗೆ ಮೆಷಿನ್, ಅಮ್ಮನಿಗೆ ಮಂಡಿ ನೋವು. ನನಗೆ ಮಾತ್ರ ಏನೂ ಕೆಲಸವಿಲ್ಲ ಅಂತ ಎಲ್ಲರಿಗೂ ಗೊತ್ತು.

ಮಧ್ಯಾಹ್ನಕ್ಕೆ ವರದಿ ಸಿಕ್ಕಿತು. 21.8 ಅಂತ ದಪ್ಪಗೆ ಹೊಡೆದಿತ್ತು. ಸಂತೋಷವಾಗಿ ರಸ್ತೆ ದಾಟಿದೆ. ದಾಟಿದ ಮೇಲೆ ಪಕ್ಕದ ಸಣ್ಣ ಅಕ್ಷರ ನೋಡಿದೆ. ನನ್ನ ಚಿಕ್ಕ ಲೋಟದ ತಳದ ಅಕ್ಷರಗಳೇ ಅವು.

ಮೊದಲು ಅಣ್ಣನಿಗೆ ತೋರಿಸೋಣ ಅಂತ ಮನೆಗೆ ಬರುವಷ್ಟರಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದರು. ಅಣ್ಣ ಕಾಗದ ಕಿತ್ತುಕೊಂಡು ಓದಿದ, ಎದ್ದು ನಿಂತ. ದೊಡ್ಡ ಡಾಕ್ಟ್ರಮ್ಮ ನಾಲ್ಕು ದಿನ ಊರಲ್ಲಿರಲಿಲ್ಲ, ಡ್ಯೂಟಿ ಡಾಕ್ಟರಿಗೆ ಫೋನು ಮಾಡಿದ. ಇಪ್ಪತ್ತೊಂದಕ್ಕೆ ಇಳಿದಿದೆ ಸಾರ್ ಅಂದ. ಆ ಕಡೆಯಿಂದ ಒಳ್ಳೇದು, ಬರ್ಕೋತೀನಿ, ಕಾಗದ ಫೈಲಿಗೆ ಸೇರಿಸಿ ಅಂದದ್ದು ನಮಗೂ ಕೇಳಿಸಿತು. ಅಮ್ಮ ಕಣ್ಣೊರೆಸಿಕೊಂಡು ಅಣ್ಣನ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದಳು.

ನಾನು ಬಾಗಿಲ ಹತ್ತಿರ ನಿಂತೇ ಇದ್ದೆ. "ಅಣ್ಣ, ಅದು ಡೆಸಿಲೀಟರು," ಅಂದೆ.

"ಏನು?"

"ಮೊದಲನೇದು ಲೀಟರಿನ ಲೆಕ್ಕ. ಇದು ಚಿಕ್ಕ ಲೋಟದ ಲೆಕ್ಕ. ಹತ್ತರಿಂದ ಗುಣಿಸ್ಬೇಕು. ಇನ್ನೂರ ಹದಿನೆಂಟಾಗುತ್ತೆ. ಇಳಿದಿಲ್ಲ, ಏರಿದೆ."

ಅತ್ತಿಗೆಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಅಮ್ಮ ನನ್ನನ್ನು ನೋಡಿದಳು, ಆಮೇಲೆ ತಟ್ಟೆ ನೋಡಿದಳು. ಅಣ್ಣ ಕಾಗದವನ್ನು ಮತ್ತೆ ನೋಡಿದ. ನೋಡಿದ್ದನ್ನು ನಾನು ನೋಡಿದೆ. ಅವನೂ ತಕ್ಕಡಿಯವನ ಮಗ.

"ಎಂಟನೇ ಕ್ಲಾಸಿಗೇ ಕೈ ಮುಗಿದು ಬಂದವಳು ಲ್ಯಾಬಿನವರಿಗೆ ಪಾಠ ಹೇಳ್ತಾಳೆ," ಅಂದ. "ಮೂಗಿ ಬಾಯಿ ಬಿಟ್ಲು ಅಂದ್ರೆ ಇಂಥದ್ದೇ. ಅದು ಪ್ರಿಂಟು, ಒಬ್ಬೊಬ್ರು ಒಂದೊಂದು ಥರ ಹಾಕ್ತಾರೆ."

ನಾನು ಹೆಚ್ಚು ಮಾತಾಡದವಳು ಅಂತ ಚಿಕ್ಕಂದಿನಿಂದ ಅವನು ನನ್ನನ್ನು ಮೂಗಿ ಅಂತಲೇ ಕರೆಯುವುದು.

ಕೇಳುವುದರಲ್ಲಿ ಏನು ಹೋಗುತ್ತೆ, ಇನ್ನೊಂದು ಫೋನು ತಾನೆ ಅಂದಳು ಅತ್ತಿಗೆ.

"ಕೇಳಿದ್ರೆ ಮತ್ತೆ ರಕ್ತ ತೆಗೀತಾರೆ, ಮತ್ತೆ ನಾಲ್ಕು ದಿನ ಇಟ್ಕೋತಾರೆ. ಒಂಬತ್ತನೇ ದಿನ ಆ ಕುರ್ಚಿಲಿ ಯಾರು ಕೂರ್ತಾರೆ? ನೀನು ಕೂರ್ತೀಯಾ, ಟೇಪು ಕತ್ತಿಗೆ ಹಾಕ್ಕೊಂಡು?"

ಮನೆಗೆ ಬರುವ ಮನುಷ್ಯನ ಬಗ್ಗೆ ಕೆಟ್ಟ ಮಾತು ಯಾಕೆ ಅಂತ ಅಮ್ಮ ನನಗೇ ಗದರಿದಳು. ಹಸಿದಿರುತ್ತೀಯ, ಕೂತು ಉಣ್ಣು ಅಂದಳು. ಅಲ್ಲಿಗೆ ಮುಗಿಯಿತು. ಮೂವರಿಗೂ ಕೇಳಿಸಿತ್ತು. ಮೂವರೂ ಊಟ ಮುಂದುವರಿಸಿದರು. ನಾನೂ ಕೂತು ಉಂಡೆ. ಅದನ್ನು ನಾನು ಮುಚ್ಚಿಡುವುದಿಲ್ಲ.

ಮರುದಿನ ಬೆಳಿಗ್ಗೆ ಅಪ್ಪನ ಹೊಟ್ಟೆಯ ಪೈಪು ತೆಗೆಯುವವರಿದ್ದರು. ನಾನು ಕಾಗದ ಹಿಡಿದು ನರ್ಸುಗಳ ಮೇಜಿನ ಎದುರು ಹೋಗಿ ನಿಂತೆ. ಬಹಳ ಹೊತ್ತು ನಿಂತೆ. ಕೊನೆಗೆ ಒಬ್ಬರು ತಲೆಯೆತ್ತಿ, "ಏನಮ್ಮ?" ಅಂದರು. ಅವರ ಹಿಂದೆ ಡ್ಯೂಟಿ ಡಾಕ್ಟರು ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದರು.

"ಕುಡಿಯೋ ನೀರು ಎಲ್ಲಿ ಸಿಗುತ್ತೆ?" ಅಂತ ಕೇಳಿದೆ.

ಆ ಮೂಲೆಯಲ್ಲಿ ಅಂತ ಕೈ ತೋರಿಸಿದರು. ಹೋಗಿ ನೀರು ಕುಡಿದೆ. ಹಿಂದಿರುಗುವಷ್ಟರಲ್ಲಿ ಪೈಪು ತೆಗೆದಾಗಿತ್ತು. ಕಾಗದವನ್ನು ಫೈಲಿಗೆ ಸೇರಿಸಿದೆ.

ಏಳನೇ ದಿನ ಡಿಸ್ಚಾರ್ಜ್ ಮಾಡಿದರು. ಗಾಲಿಕುರ್ಚಿ ಬರುವುದು ತಡವಾಯಿತು. ಅಪ್ಪ ಮಂಚದ ಅಂಚಿನಲ್ಲಿ ಅಂಗಿ ಹಾಕಿಕೊಂಡು ಕೂತಿದ್ದರು. ಫೈಲು ಇಲ್ಲಿ ಕೊಡು ಅಂತ ಇಸಿದುಕೊಂಡು ತೊಡೆಯ ಮೇಲೆ ಇಟ್ಟುಕೊಂಡರು. ನಾನು ಹೊದಿಕೆ, ಬಕೆಟ್ಟು ಲೆಕ್ಕ ಒಪ್ಪಿಸಿ ಬರಲು ಹೋದೆ. ಬಂದಾಗ ಫೈಲು ಮುಚ್ಚಿತ್ತು, ಅಪ್ಪ ಕಿಟಕಿ ಕಡೆ ನೋಡುತ್ತಿದ್ದರು. ಹೋಗೋಣ ಅಂದರು. ಫೈಲನ್ನು ನರ್ಸಿನ ಕೈಗೆ ಕೊಟ್ಟು ಹೊರಟೆವು.

ಮನೆಯಲ್ಲಿ ಎರಡು ದಿನ ಗಂಜಿ ಕುಡಿದರು, ಹೊಟ್ಟೆ ತುಂಬಿದೆ ಅಂತ ಅರ್ಧ ಬಿಟ್ಟರು. ಮೈ ಸ್ವಲ್ಪ ಬಿಸಿ ಇದೆ ಅಂತ ಅಮ್ಮ ಅಂದಾಗ ಜ್ವರದ ಮಾತ್ರೆ ತಾವೇ ಕೇಳಿ ನುಂಗಿದರು. ನೋವಿದೆಯಾ ಅಂದರೆ ಇಲ್ಲ. ಒಂಬತ್ತನೇ ದಿನ ಬೆಳಿಗ್ಗೆ ಅಣ್ಣ ಅವರನ್ನು ಎತ್ತಿಕೊಂಡೇ ಹೋಗಿ ಅಂಗಡಿಯ ಕುರ್ಚಿಯಲ್ಲಿ ಕೂರಿಸಿದ, ಬೆನ್ನಿಗೆ ಎರಡು ದಿಂಬು ಕೊಟ್ಟ. ನಾನು ಒಳಗಿನ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಇನ್ಸ್‌ಪೆಕ್ಟರು ಒಳ್ಳೆಯ ಮನುಷ್ಯ. ಮೇಷ್ಟ್ರೇ, ಏನು ಇಷ್ಟು ಇಳಿದುಹೋಗಿದ್ದೀರಿ, ನಿಮ್ಮನ್ನೇ ತೂಕಕ್ಕೆ ಹಾಕಬೇಕಲ್ಲ ಅಂತ ನಗಾಡಿದರು. ಅಪ್ಪ ಚಿನ್ನದಂಗಡಿಯ ಸಣ್ಣ ತಕ್ಕಡಿಯನ್ನು ಹತ್ತಿರ ಎಳೆದುಕೊಂಡರು. ಮುಳ್ಳಿನ ಬುಡದ ತಿರುಪನ್ನು ಒಂದಿಷ್ಟು ತಿರುಗಿಸಿದರು, ಕಾದರು, ಮತ್ತೆ ತಿರುಗಿಸಿದರು. ಕೈ ಒಂದು ಚೂರೂ ನಡುಗಲಿಲ್ಲ. ಮುಳ್ಳು ನೆಟ್ಟಗೆ ನಿಂತಿತು. ಸಹಿ ಹಾಕಿದರು. ಇನ್ಸ್‌ಪೆಕ್ಟರು ಮುದ್ರೆ ಒತ್ತಿದರು.

ಅವರು ಮೆಟ್ಟಿಲಿಳಿದ ಮೇಲೆ ಅಪ್ಪ ಏಳಲು ನೋಡಿದರು, ಆಗಲಿಲ್ಲ. ಪೈಪು ತೆಗೆದ ಜಾಗದಲ್ಲಿ ಅಂಗಿ ಒದ್ದೆಯಾಗಿತ್ತು. ನೀರಿನ ಒದ್ದೆಯಲ್ಲ. ಆ ವಾಸನೆಯನ್ನು ನಾನು ಬರೆಯಲಾರೆ.

ದೊಡ್ಡ ಡಾಕ್ಟ್ರಮ್ಮ ಅಂದೇ ಬೆಳಿಗ್ಗೆ ಊರಿಗೆ ಬಂದಿದ್ದರು. ಎಮರ್ಜೆನ್ಸಿ ಕೋಣೆಯ ಹೊರಗೆ ಫೈಲು ತೆರೆದು ಎರಡೂ ವರದಿಗಳನ್ನು ಪಕ್ಕಪಕ್ಕ ಹಿಡಿದರು. ಮುಖ ಕೆಂಪಾಯಿತು. ಡ್ಯೂಟಿ ಡಾಕ್ಟರನ್ನು ಕರೆಸಿ ಇಪ್ಪತ್ತೊಂದು ಅಂತ ಯಾವ ಕಾಗದ ನೋಡಿ ಬರೆದೆ ಅಂತ ಕೇಳಿದರು. ಆತ ಅಣ್ಣನ ಕಡೆ ಬೆರಳು ತೋರಿಸಿದ. ಫೋನಿನಲ್ಲಿ ಹೇಳಿದರು ಅಂದ.

"ಅವರು ಫೋನಲ್ಲಿ ಹೇಳ್ತಾರೆ, ನೀನು ಹೊಟ್ಟೆಯ ಪೈಪು ಕೀಳ್ತೀಯ," ಅಂದರು ಡಾಕ್ಟ್ರಮ್ಮ. ಅಣ್ಣನ ಕಡೆ ತಿರುಗಿದರು. "ನೀವು ತಕ್ಕಡಿ ಅಂಗಡಿಯವರಲ್ವಾ?"

ಅತ್ತಿಗೆ ನನ್ನ ಕೈ ಹಿಡಿದುಕೊಂಡಳು. ಬಿಡಿಸಿಕೊಂಡೆ.

ಆ ಸಂಜೆ ಅಡುಗೆಮನೆಯಲ್ಲಿ ಅಮ್ಮ ಅಣ್ಣನ ಮುಂದೆ ತಟ್ಟೆ ಇಡಲಿಲ್ಲ. ನನ್ನ ಕಣ್ಣೆದುರು ಕೂತು ಉಣ್ಣಬೇಡ ಅಂದಳು. ನೀನೂ ಅಲ್ಲೇ ಇದ್ದೆಯಲ್ಲ, ಮೊಟ್ಟೆ ಹಾಕಿದ್ದು ಯಾರು ಅಂತ ಅಣ್ಣ ಕೇಳಿದ. ಅಮ್ಮ ಪಾತ್ರೆಯ ಮುಚ್ಚಳ ಎಸೆದಳು. ಅದು ಗೋಡೆಗೆ ಬಡಿದು ಉರುಳಿಕೊಂಡು ಹೊಲಿಗೆ ಮೆಷಿನ್ನಿನ ಕೆಳಗೆ ಹೋಯಿತು. ಅವತ್ತಿನಿಂದ ಅಣ್ಣ ಒಲೆಯ ಪಕ್ಕ ನಿಂತು ಉಣ್ಣುತ್ತಿದ್ದ. ನಾಲ್ಕು ತುತ್ತು, ಕೈ ತೊಳೆದು ಹೊರಗೆ. ಅತ್ತಿಗೆ ಅವನಿಗೂ ಬಡಿಸುವುದಿಲ್ಲ, ಅಮ್ಮನನ್ನೂ ಮಾತಾಡಿಸುವುದಿಲ್ಲ. ಮೆಷಿನ್ ತುಳಿಯುತ್ತಾ, ಈ ಮನೆಯಲ್ಲಿ ತಪ್ಪು ಯಾರ ಮೈಗೂ ಸರಿಹೊಂದಲ್ಲ, ಎಲ್ಲರಿಗೂ ಬಿಗಿ ಅನ್ನುತ್ತಿದ್ದಳು.

ಅಪ್ಪ ಇಪ್ಪತ್ತೆರಡು ದಿನ ಆಸ್ಪತ್ರೆಯಲ್ಲಿದ್ದರು. ಬೇರೆ ಪೈಪು ಹಾಕಿದರು, ಅದರಲ್ಲಿ ಬರುವುದನ್ನು ಅಳೆದು ಬರೆಯುವ ಕೆಲಸ ನನ್ನದಾಯಿತು. ಎರಡು ಸಲ ಉಳಿಯುವುದಿಲ್ಲ ಅಂದುಕೊಂಡೆವು. ಮಾತಾಡುವಷ್ಟು ಆದ ಮೇಲೆ ನೋಡಲು ಬಂದವರಿಗೆಲ್ಲ ಅಪ್ಪ ಒಂದೇ ಮಾತು ಹೇಳುತ್ತಿದ್ದರು, ಮಗನಿಗೆ ಅಳತೆ ಓದಲು ಬರಲಿಲ್ಲ ಅಂತ. ಮಾರ್ಕೆಟ್ಟಿನವರು ತಲೆಯಾಡಿಸಿ ಹೋಗುತ್ತಿದ್ದರು. ಅಂಗಡಿಗೆ ಬಂದು ಅಣ್ಣನ ಮುಖವನ್ನೇ ನೋಡುತ್ತಿದ್ದರು. ಒಬ್ಬ ತರಕಾರಿಯವನು ರಿಪೇರಿಗೆ ಕೊಟ್ಟ ತಕ್ಕಡಿಯನ್ನು, ಮೇಷ್ಟ್ರು ಬರಲಿ ಅಂತ ವಾಪಸ್ ತೆಗೆದುಕೊಂಡು ಹೋದ. ಅಣ್ಣ ಆಸ್ಪತ್ರೆಗೆ ಬಂದರೆ ಅಪ್ಪ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು.

ನನ್ನನ್ನೂ ಒಂದು ದಿನ ಕೇಳಿದರು. ನಾನು ಚೀಲದ ನೀರನ್ನು ಅಳತೆ ಲೋಟಕ್ಕೆ ಸುರಿಯುತ್ತಿದ್ದೆ.

"ನಿನಗೆ ಗೊತ್ತಿತ್ತಂತೆ."

"ಹೂಂ."

"ಹೇಳಿದ್ಯಂತೆ."

"ಊಟದ ಹೊತ್ತಲ್ಲಿ ಹೇಳ್ದೆ."

"ಎಷ್ಟು ಜೋರಾಗಿ ಹೇಳ್ದೆ?" ಅಂದರು.

ನಾನು ಲೋಟದ ಗೆರೆ ನೋಡಿ ನೂರ ನಲವತ್ತು ಅಂತ ಬರೆದೆ. ಅವತ್ತಿನಿಂದ ನೀರಿನ ಮೂಲೆಯ ಹತ್ತಿರ ಹೋದಾಗೆಲ್ಲ ಆ ಮಾತೇ ಕೇಳಿಸುತ್ತಿತ್ತು. ಅಪ್ಪನನ್ನು ಈ ಸ್ಥಿತಿಗೆ ತಂದವಳು ನಾನೇ ಅಂತ ದಿನಾ ಅಂದುಕೊಂಡೆ. ಬಟ್ಟೆ ಒಗೆಯುವಾಗ, ಚೀಲ ತೊಳೆಯುವಾಗ, ಅಮ್ಮನ ಮಂಡಿಗೆ ಎಣ್ಣೆ ಹಚ್ಚುವಾಗ.

ಅಪ್ಪ ಮನೆಗೆ ಬಂದು ನಾಲ್ಕು ದಿನವಾಗಿತ್ತು. ಮರುದಿನ ತೋರಿಸಲು ಹೋಗಬೇಕಿತ್ತು, ಹಳೆಯ ಕಾಗದಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ತನ್ನಿ ಅಂದಿದ್ದರು. ಫೈಲು ಅಲ್ಲಿಯವರೆಗೆ ಆಸ್ಪತ್ರೆಯಲ್ಲೇ ಇತ್ತು, ಹಿಂದಿನ ಸಂಜೆ ನಾನೇ ಹೋಗಿ ತಂದಿದ್ದೆ. ಬೆಳಿಗ್ಗೆ ಕಸ ಗುಡಿಸಿ, ಕಾಗದಗಳನ್ನು ನೆಲದ ಮೇಲೆ ಹರಡಿಕೊಂಡು ಕೂತೆ. ಮೂರನೇ ದಿನದ್ದು ಸಿಕ್ಕಿತು. ಐದನೇ ದಿನದ್ದು ಸಿಕ್ಕಿತು.

21.8ರ ಪಕ್ಕದಲ್ಲಿ, ಆ ಸಣ್ಣ ಅಕ್ಷರಗಳ ಸುತ್ತ, ಪೆನ್ಸಿಲಿನ ಒಂದು ಸುತ್ತು ಇತ್ತು. ಕೆಳಗಿನಿಂದ ಶುರುವಾಗಿ, ಮೇಲೆ ಪೂರ್ತಿ ಮುಚ್ಚದೆ ಬಿಟ್ಟಿದ್ದು.

ನಾನು ಫೈಲಿಗೆ ಸೇರಿಸಿದಾಗ ಅದಿರಲಿಲ್ಲ. ಎರಡನೇ ಸಲ ಆಸ್ಪತ್ರೆಗೆ ಹೋದಾಗ ಅಪ್ಪನಿಗೆ ಪ್ರಜ್ಞೆಯೇ ಸರಿಯಾಗಿರಲಿಲ್ಲ, ಫೈಲು ಡಾಕ್ಟ್ರಮ್ಮನ ಕೈಯಲ್ಲಿತ್ತು. ಅಪ್ಪನ ಕೈಗೆ ಆ ಫೈಲು ಸಿಕ್ಕಿದ್ದು ಒಂದೇ ಸಲ. ಗಾಲಿಕುರ್ಚಿ ತಡವಾದಾಗ, ಮಂಚದ ಅಂಚಿನಲ್ಲಿ.

ಕಾಗದ ಎತ್ತಿಟ್ಟುಕೊಂಡು ಊಟದ ಹೊತ್ತಿಗೆ ಕಾದೆ. ತರಕಾರಿ ಹೆಚ್ಚಿದೆ, ನೀರು ತುಂಬಿದೆ.

ಮಧ್ಯಾಹ್ನ ಅಪ್ಪ ಮೇಜಿನ ಮುಂದೆ ಕೂತರು. ಅಮ್ಮ ಪಕ್ಕದಲ್ಲಿ ಕೂತು ಗಂಜಿಯನ್ನು ಚಮಚದಲ್ಲಿ ಆರಿಸಿ ಆರಿಸಿ ಕುಡಿಸುತ್ತಿದ್ದಳು. ಅತ್ತಿಗೆ ಗುಂಡಿ ಹಚ್ಚುತ್ತಿದ್ದಳು. ಅಣ್ಣ ಒಲೆಯ ಪಕ್ಕ ನಿಂತು ಉಣ್ಣುತ್ತಿದ್ದ. ನಾನು ಕಾಗದವನ್ನು ಬಟ್ಟಲಿನ ಪಕ್ಕ ಇಟ್ಟೆ.

"ಅಪ್ಪ, ಈ ಸುತ್ತು ಯಾರು ಹಾಕಿದ್ದು?"

ಅಪ್ಪ ನೋಡಿದರು. ಬಾಯಲ್ಲಿದ್ದ ಗಂಜಿ ನುಂಗಿದರು. ಏನೇ ಅದು ಅಂತ ಅಮ್ಮ ಕೇಳಿದಳು. ನಾನು ಅವಳ ಕಡೆ ತಿರುಗಲಿಲ್ಲ.

"ಡಿಸ್ಚಾರ್ಜ್ ದಿನ ಫೈಲು ನಿಮ್ಮ ತೊಡೆ ಮೇಲಿತ್ತು. ನೀವು ಓದಿದ್ರಿ. ಲೀಟರಿನ ಲೆಕ್ಕ ಅಂತ ಡಾಕ್ಟ್ರಮ್ಮ ನಿಮಗೇ ಹೇಳಿದ್ರು, ನೀವೇ ಕೇಳಿದ್ರಿ. ಇದು ಇನ್ನೂರ ಹದಿನೆಂಟು ಅಂತ ನಿಮಗೆ ಗೊತ್ತಾಯ್ತು. ಗೊತ್ತಾಗಿ ಹೋಗೋಣ ಅಂದ್ರಿ."

ಅತ್ತಿಗೆ ಸೂಜಿಯನ್ನು ಬಟ್ಟೆಗೆ ಚುಚ್ಚಿ ಇಟ್ಟಳು. ಅಡುಗೆಮನೆಯಲ್ಲಿ ತಟ್ಟೆಯ ಸದ್ದು ನಿಂತಿತು.

ಅಪ್ಪ ಕಾಗದವನ್ನು ಬಟ್ಟಲಿನಿಂದ ದೂರ ಸರಿಸಿದರು. ಆಮೇಲೆ, "ಎರಡು ದಿನ ತಡೆಯುತ್ತೆ ಅಂದ್ಕೊಂಡೆ," ಅಂದರು. "ಸಹಿ ಹಾಕಿ, ಅವತ್ತೇ ವಾಪಸ್ ಹೋಗೋಣ ಅಂತ. ಒಂಬತ್ತನೇ ದಿನ ಅಲ್ವಾ, ಬೇರೆ ದಾರಿ ಏನಿತ್ತು? ಲೈಸೆನ್ಸ್ ಉಳೀತಲ್ಲ."

"ಅಣ್ಣನ ಹೆಸರು ಸೇರಿಸೋ ದಾರಿ ಇತ್ತು. ಐದು ವರ್ಷದಿಂದ ಇತ್ತು."

"ದನಿ ತಗ್ಗಿಸು," ಅಂದರು ಅಪ್ಪ.

"ತಗ್ಗಿಸಲ್ಲ. ಎಷ್ಟು ಜೋರಾಗಿ ಹೇಳ್ದೆ ಅಂತ ಕೇಳಿದ್ರಲ್ಲ ನನ್ನ? ನಿಮ್ಮ ಹೊಟ್ಟೆ ನೀರು ಅಳೀತಾ ಅಳೀತಾ ಆ ಮಾತು ನುಂಗಿದೀನಿ. ಮಗನಿಗೆ ಓದೋಕೆ ಬರಲ್ಲ ಅಂತ ಊರಿಗೆಲ್ಲ ಹೇಳಿದ್ರಿ. ನಿಮಗೆ ಬರ್ತಿತ್ತಲ್ಲ. ನೀವು ಎಷ್ಟು ಜೋರಾಗಿ ಹೇಳಿದ್ರಿ?"

ಅಮ್ಮ ಚಮಚವನ್ನು ಬಟ್ಟಲಿಗೆ ಬಿಟ್ಟಳು. ಬಟ್ಟಲನ್ನು ಅಪ್ಪನ ಕಡೆ ಸರಿಸಿದಳು.

"ನೀವೇ ಕುಡೀರಿ," ಅಂದಳು. ಎದ್ದು ಮಂಡಿ ಹಿಡಿದುಕೊಂಡು ಹಿತ್ತಿಲ ಬಾಗಿಲಿನವರೆಗೆ ಹೋಗಿ, ಅಲ್ಲಿ ನಮಗೆ ಬೆನ್ನು ಮಾಡಿ ನಿಂತಳು.

ಅಣ್ಣ ತಟ್ಟೆ ಹಿಡಿದುಕೊಂಡು ಹೊರಗೆ ಬಂದ. ಅಪ್ಪನ ಎದುರಿನ ಕುರ್ಚಿಯನ್ನು ಕಾಲಿನಿಂದಲೇ ಎಳೆದು, ಕೂತ. ಇಪ್ಪತ್ತಾರು ದಿನದ ಮೇಲೆ ಕೂತ. ಅಪ್ಪನನ್ನೇ ನೋಡುತ್ತಾ ಒಂದು ತುತ್ತು ತಿಂದ, ಇನ್ನೊಂದು ತಿಂದ. ಅಪ್ಪ ಕಣ್ಣು ತಗ್ಗಿಸಿದರು. ಚಮಚ ಹಿಡಿದರು, ಎತ್ತಲಿಲ್ಲ.

ಅಣ್ಣನ ತಟ್ಟೆ ಖಾಲಿಯಾಯಿತು. ಅದನ್ನು ನನ್ನ ಕಡೆ ಸರಿಸಿ, "ಇನ್ನೊಂದು ಸ್ವಲ್ಪ ಹಾಕು, ಮೂಗಿ," ಅಂದ. ದನಿ ಮೆತ್ತಗಿತ್ತು. ನಾವಿಬ್ಬರೂ ಈಗ ಒಂದು ಕಡೆ ಅನ್ನುವ ಹಾಗಿತ್ತು.

"ಪಾತ್ರೆ ಒಲೆ ಮೇಲಿದೆ. ಎದ್ದು ಹಾಕ್ಕೋ," ಅಂದೆ. "ಅವತ್ತು ನಾನು ಹೇಳಿದ್ದು ನಿನಗೂ ಕೇಳಿಸಿತ್ತು."